ಕೊಂಡಿಯ ಪಿನ್ನು ಮತ್ತು ನನ್ನ ಸೀರೆಯ ಅಂಚು

ಈ ಕಾಗದಗಳನ್ನು ಓದಲು ಮನಸ್ಸು ಮಾಡಿದ ಮಾನ್ಯರಲ್ಲಿ ಮೊದಲಿಗೇ ಕ್ಷಮೆ ಕೋರುತ್ತೇನೆ. ನನ್ನ ಅಕ್ಷರ ದುಂಡಗಿಲ್ಲ. ಬಲಗೈ ಹೆಬ್ಬೆರಳು ಮೊದಲಿನಂತೆ ಬಗ್ಗದಿರುವುದರಿಂದ ಸಾಲುಗಳು ಬಲಕ್ಕೆ ಹೋದಂತೆ ಕೆಳಗಿಳಿಯುತ್ತವೆ. ಅಲ್ಪಪ್ರಾಣ ಎಲ್ಲಿ, ಮಹಾಪ್ರಾಣ ಎಲ್ಲಿ ಎಂಬ ಗೊಂದಲ ಈ ವಯಸ್ಸಿಗೂ ಬಿಟ್ಟಿಲ್ಲ. ನಾನು ಲೇಖಕಿಯಲ್ಲ. ಬೆಲ್ಲದ ಬಾಗೇವಾಡಿಯಿಂದ ಹಿಡಕಲ್ಲಿಗೆ ನಿತ್ಯ ಬಸ್ಸಿನಲ್ಲಿ ಹೋಗಿ ಬಂದು, ನೀರಾವರಿ ಕಚೇರಿಯ ಟಪಾಲು ವಿಭಾಗದಲ್ಲಿ ಬರುವ ಹೋಗುವ ಕಾಗದಗಳ ಆವಕ ಜಾವಕ ನೋಡಿಕೊಂಡು ನಿವೃತ್ತಳಾದವಳು. ಕಚೇರಿಯ ಪತ್ರಗಳನ್ನು ನಕಲು ಮಾಡಿ ಮಾಡಿ ಬಂದ ಬರವಣಿಗೆಯೊಂದೇ ನನಗಿರುವ ಬರವಣಿಗೆ. ಕಥೆ ಹೇಳುವ ಕ್ರಮ ತಿಳಿಯದು. ಆದುದರಿಂದ ನಡೆದುದನ್ನು ನಡೆದ ಕ್ರಮದಲ್ಲಿಯೇ ತಮ್ಮ ಅವಗಾಹನೆಗೆ ತರುತ್ತಿದ್ದೇನೆ.

ವಿಷಯ ನನ್ನ ಸೊಸೆಯದು, ಮತ್ತು ನಮ್ಮ ಮನೆಯ ಕಾರಿನ ಹಿಂದೆ ಇರುವ ಒಂದು ಕೊಂಡಿಯದು.

ಸೊಸೆ ಮದುವೆಗೆ ಮುಂಚೆ ಸೈಕಲ್ ಸ್ಪರ್ಧೆಗಳಲ್ಲಿ ಓಡಿಸಿದವಳು. ನಮ್ಮ ಮನೆಗೆ ಬಂದ ಮೇಲೂ ಸೈಕಲ್ಲನ್ನು ಬಿಡಲಿಲ್ಲ. ಊರಿನ ಐದು ಜನ ಹುಡುಗಿಯರನ್ನು ಜೊತೆ ಮಾಡಿಕೊಂಡು, ಬೆಳಗಿನ ಜಾವ ಹುಕ್ಕೇರಿ ರಸ್ತೆಯಲ್ಲಿ ಅವರಿಗೆ ಕಲಿಸತೊಡಗಿದಳು. ಊರಿನ ಸೈಕಲ್ ಸಂಘದವರು ಆಕೆಗೆ ತರಬೇತುದಾರಳೆಂಬ ಹೆಸರು ಕೊಟ್ಟರು. ಪಗಾರ ಕೊಡಲಿಲ್ಲ, ಆಕೆ ಕೇಳಲೂ ಇಲ್ಲ. ಹುಡುಗಿಯರನ್ನು ಬೇರೆ ಊರಿನ ಸ್ಪರ್ಧೆಗಳಿಗೆ ಒಯ್ಯಲು ನಮ್ಮ ಹಳೆಯ ಜೀಪಿನಂಥ ಕಾರೇ ಗತಿಯಾಯಿತು. ನನ್ನ ಮಗ ಹುಕ್ಕೇರಿಯಲ್ಲಿ ಪಂಪ್‌ಸೆಟ್ ರಿಪೇರಿಯ ಅಂಗಡಿ ಇಟ್ಟಿರುವುದರಿಂದ ಅವನಿಗೆ ಬಿಡುವಿಲ್ಲ. ಕಾರು ಓಡಿಸುವವಳು ಸೊಸೆಯೇ.

ಗೋಕಾಕದ ಒಂದು ಗ್ಯಾರೇಜಿನಲ್ಲಿ ಆಕೆ ಕಾರಿನ ಹಿಂದೆ, ಚಾಸಿಗೆ ಬೋಲ್ಟು ಹಾಕಿಸಿ, ತುದಿಯಲ್ಲಿ ಕಬ್ಬಿಣದ ಗುಂಡು ಇರುವ ಕೊಂಡಿಯೊಂದನ್ನು ಕೂಡಿಸಿಕೊಂಡು ಬಂದಳು. ಅದರ ಮೇಲೆ ಮೂರು ಸೈಕಲ್ ಹಿಡಿಯುವ ಸ್ಟ್ಯಾಂಡು ನಿಲ್ಲುತ್ತಿತ್ತು. ಕೊಂಡಿಯ ಜೊತೆಗೆ ಬಂದ ಸೂಚನೆಗಳ ಸಣ್ಣ ಪುಸ್ತಕವನ್ನು ಅಡುಗೆಮನೆಯಲ್ಲಿ ನನ್ನ ಎದುರು ಕುಳಿತು ಓದಿ ಹೇಳಿದ್ದಳು. ಪ್ರತಿ ಸಲವೂ ಆಕೆ ಸೈಕಲ್ಲಿನ ಪೆಡಲಿಗೆ ಬಟ್ಟೆ ಸುತ್ತುತ್ತಿದ್ದಳು, ಗಾಳಿಗೆ ತಿರುಗದಂತೆ ಮುಂದಿನ ಚಕ್ರವನ್ನು ಪಟ್ಟಿಯಿಂದ ಬಿಗಿಯುತ್ತಿದ್ದಳು, ಸೈಕಲ್ಲುಗಳು ಕಾರಿನ ನಂಬರನ್ನೂ ಹಿಂದಿನ ದೀಪವನ್ನೂ ಮುಚ್ಚುತ್ತವೆಯೆಂದು ಸ್ಟ್ಯಾಂಡಿಗೆ ಬೇರೆ ನಂಬರ್ ಫಲಕ ಮತ್ತು ದೀಪ ಕಟ್ಟಿಸಿದ್ದಳು. ಊರು ದಾಟಿ ಸ್ವಲ್ಪ ದೂರ ಹೋದ ಮೇಲೆ ಕಾರು ನಿಲ್ಲಿಸಿ, ಇಳಿದು, ಒಂದೊಂದು ಸೈಕಲ್ಲನ್ನೂ ಹಿಡಿದು ಅಲುಗಾಡಿಸಿ ನೋಡದೆ ಮುಂದೆ ಹೋದವಳಲ್ಲ. ಇದನ್ನು ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. ಮುಂದೆ ಇದೇ ಹೆಣ್ಣುಮಗಳನ್ನು ಅಜಾಗರೂಕಳೆಂದು ಕರೆಯಲಾಯಿತು.

ಮೂಡಲಗಿಯಲ್ಲಿ ಆಯ್ಕೆ ಸ್ಪರ್ಧೆ ಗೊತ್ತಾದಾಗ ಐವರು ಹುಡುಗಿಯರೂ ಹೊರಡುವುದೆಂದಾಯಿತು. ಅವರ ಐದು ಸೈಕಲ್, ಹೆಚ್ಚಿಗೆ ಒಂದಿರಲೆಂದು ಸೊಸೆಯದು ಒಂದು, ಒಟ್ಟು ಆರು. ಮೂರು ಹಿಡಿಯುವ ಸ್ಟ್ಯಾಂಡು ಸಾಲದು. ಆಗ ನಮ್ಮ ಯಜಮಾನರು ತಮ್ಮ ತಂಗಿಯ ಗಂಡನನ್ನು ನೆನೆದರು. ಅವರು ಘೋಡಗೇರಿಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದಾರೆ, ಟ್ರ್ಯಾಕ್ಟರುಗಳಿಗೆ ಕಬ್ಬಿನ ಟ್ರೇಲರ್ ಕಟ್ಟುವುದರಲ್ಲಿ ಸುತ್ತಲಿನ ಹಳ್ಳಿಗಳಲ್ಲೆಲ್ಲ ಹೆಸರಾದವರು. ಎರಡು ಗಾಲಿಯ ಪುಟ್ಟ ಟ್ರೇಲರ್ ಒಂದನ್ನು ಅವರು ಚೆಂದವಾಗಿಯೇ ಮಾಡಿದರು. ಆದರೆ ಕಾರಿನ ಕೊಂಡಿಯಲ್ಲಿದ್ದ ಗುಂಡನ್ನು ಬಿಚ್ಚಿ ತೆಗೆದು, ಆ ಜಾಗದಲ್ಲಿ ಟ್ರ್ಯಾಕ್ಟರಿಗೆ ಇರುವಂತೆ ತೂತಿನ ಪಟ್ಟಿ ಕೂಡಿಸಿದರು. ಟ್ರೇಲರಿನ ಮೂತಿಗೆ ಒಂದು ಬಳೆ. ಬಳೆಯನ್ನು ತೂತಿನ ಮೇಲೆ ತಂದು ಮೇಲಿನಿಂದ ಪಿನ್ನು ಇಳಿಬಿಟ್ಟರೆ ಮುಗಿಯಿತು.

ಸೊಸೆ ಪಿನ್ನನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. ಕೆಳತುದಿಯಲ್ಲಿ ಕ್ಲಿಪ್ಪಿಗೆಂದು ಸಣ್ಣ ತೂತಿತ್ತು, ಕ್ಲಿಪ್ಪಿರಲಿಲ್ಲ. ಪಿನ್ನು ಹಾರಿದರೂ ಟ್ರೇಲರ್ ಕಾರನ್ನು ಬಿಟ್ಟುಹೋಗದಂತೆ ಎರಡು ಸರಪಳಿ ಬೇಕೆಂದು ಪುಸ್ತಕದಲ್ಲಿತ್ತು, ಅವೂ ಇರಲಿಲ್ಲ.

"ಮಾಮಾ, ಇದಕ್ಕ ಕ್ಲಿಪ್ ಎಲ್ಲೈತ್ರಿ? ಸರಪಳಿ?" ಎಂದು ಕೇಳಿದಳು.

"ಇಪ್ಪತ್ತ ಟನ್ ಕಬ್ಬ ಹೇರಿದ ಎರಡ ಟ್ರೇಲರ್ ಇದ ಪಿನ್ನಿನ ಮ್ಯಾಲ ಫ್ಯಾಕ್ಟರಿಗೆ ಹೊಕ್ಕಾವ ತಂಗಿ," ಎಂದರು ಅವರು. "ನಿನ್ನ ಆರ ಸೈಕಲ್ಲ ಅದಕ್ಕ ಗೊತ್ತ ಸೈತ ಆಗಾಂಗಿಲ್ಲ."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆನೆಂದು ಇಲ್ಲಿ ದಾಖಲಿಸುವುದು ನನ್ನ ಕರ್ತವ್ಯ.

ಸ್ಪರ್ಧೆಯ ದಿನ ಬೆಳಿಗ್ಗೆ ನಮ್ಮ ಅಂಗಳದಲ್ಲಿ ಸಾಮಾನು ಹೇರುವ ಕೆಲಸವನ್ನು ಯಜಮಾನರು ತಾವೇ ವಹಿಸಿಕೊಂಡರು. ಹೊಸ ಟ್ರೇಲರಿಗೆ ವಿಭೂತಿ ಹಚ್ಚಿ, ಕಾಯಿ ಒಡೆದರು. ಅವರು ಆಯುಷ್ಯವೆಲ್ಲ ಎತ್ತಿನ ಬಂಡಿ ಹೂಡಿದವರು. ಬಂಡಿಯ ಭಾರ ಮುಂದಕ್ಕೆ ಬಿದ್ದರೆ ಎತ್ತಿನ ಹೆಗಲು ಕೆತ್ತುತ್ತದೆ; ಆದ್ದರಿಂದ ಹೇರುವಾಗ ಭಾರವನ್ನು ಹಿಂದಕ್ಕೆ ಸರಿಸಿ, ನೊಗ ಹಗುರಾಗುವಂತೆ ಮಾಡುವುದು ಅವರ ಕೈಗೆ ಬಂದ ಬುದ್ಧಿ. ಎತ್ತಿನ ಮೇಲೆ ಅವರಿಗಿರುವ ಅಂತಃಕರಣವನ್ನು ನಾನು ಬಲ್ಲೆ. ಬೇಸಿಗೆಯಲ್ಲಿ ತಾವು ನೀರು ಕುಡಿಯುವ ಮೊದಲು ಎತ್ತಿಗೆ ಕುಡಿಸಿದವರು. ಅದೇ ಅಂತಃಕರಣದಿಂದ ನೀರಿನ ದೊಡ್ಡ ಕ್ಯಾನು, ಪಾನೆ ಪಕ್ಕಡಗಳಂಥ ರಿಪೇರಿ ಸಾಮಾನಿನ ಕಬ್ಬಿಣದ ಪೆಟ್ಟಿಗೆ, ಹೆಚ್ಚಿನ ಗಾಲಿಗಳು, ಎಲ್ಲವನ್ನೂ ಟ್ರೇಲರಿನ ಹಿಂಬದಿಗೆ ಒಟ್ಟಿದರು. ಬಳಿಕ ಅದರ ಮೂತಿಯನ್ನು ಒಂದೇ ಕೈಯಿಂದ ಮೇಲೆತ್ತಿ ಎಲ್ಲರಿಗೂ ತೋರಿಸಿದರು.

"ನೋಡ್ರಿ, ಹೂ ಎತ್ತಿದಂಗ ಏಳತೈತಿ. ಗಾಡಿ ಹೆಗಲಿಗೆ ಒಂದ ಗುಂಜಿ ಭಾರ ಇಲ್ಲ."

"ಮಾವಾರ, ಇದು ಎತ್ತಲ್ರಿ," ಎಂದಳು ಸೊಸೆ. "ಕಾರಿಗೆ ಮುಂದ ಸ್ವಲ್ಪ ಭಾರ ಬೀಳಬೇಕ್ರಿ. ಹಿಂದ ಭಾರ ಆದ್ರ ಮೂತಿ ಮ್ಯಾಲ ಜಿಗಿತೈತಿ, ಪಿನ್ನ ಕಿತ್ತಕೊಂಡ ಬರತೈತಿ."

ಅವರು ಹೆಗಲ ಮೇಲಿನ ಟವೆಲ್ಲು ತೆಗೆದು ಝಾಡಿಸಿ, ಮತ್ತೆ ಹೆಗಲಿಗೆ ಹಾಕಿಕೊಂಡರು. ಮಾತು ಮುಗಿಯಿತೆಂಬ ಇದರ ಅರ್ಥ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ನಾನು ಸೊಸೆಗೆ ಕಣ್ಣಿನಿಂದಲೇ ಸುಮ್ಮನಿರೆಂದೆ.

ಆಕೆ ಸುಮ್ಮನಾಗಲಿಲ್ಲ. ಭಾರ ಸರಿಸದಿದ್ದರೂ ಸರಿ, ಪಿನ್ನಿಗೆ ಕ್ಲಿಪ್ಪಾದರೂ ಬೇಕು, ಇಲ್ಲದಿದ್ದರೆ ತಾನು ಕಾರು ತೆಗೆಯುವುದಿಲ್ಲವೆಂದಳು. ಹುಡುಗಿಯರು ಅದಾಗಲೇ ಒಳಗೆ ಕುಳಿತು ಗಡಿಯಾರ ನೋಡುತ್ತಿದ್ದರು. ಅವರ ತಂದೆಯಂದಿರು ಅಂಗಳದಲ್ಲಿ ನಿಂತು ಈಗ ಯಾತರ ತಕರಾರೆಂದು ಕೇಳತೊಡಗಿದರು. ಅಷ್ಟು ಹೊತ್ತಿಗೆ ಯಾವ ಅಂಗಡಿಯೂ ತೆರೆದಿರುವುದಿಲ್ಲ. ಟ್ರ್ಯಾಕ್ಟರಿನವರು ಕ್ಲಿಪ್ಪು ಕಳೆದರೆ ಪಿನ್ನಿನ ತೂತಿಗೆ ಬಟ್ಟೆಯ ಚೂರು ಕಟ್ಟಿಕೊಂಡು ಹೋಗುವುದು ನಮ್ಮ ಕಡೆಯ ರೂಢಿ. ಯಜಮಾನರು ಒಂದು ಚಿಂದಿ ಕೊಡೆಂದು ನನ್ನ ಕಡೆ ಕೈ ಚಾಚಿದರು.

ನಾನು ಒಳಗೆ ಹೋದೆ. ಒಲೆಯ ಬಳಿ ಕೈ ಒರೆಸಲು ಇಟ್ಟಿದ್ದ ಹಳೆಯ ಸೀರೆಯ ತುಂಡಿನಿಂದ ಅಂಚನ್ನು ಹರಿದೆ, ತಂದುಕೊಟ್ಟೆ. ಅದನ್ನು ತೂತಿನಲ್ಲಿ ತೂರಿಸಿ ಎರಡು ಗಂಟು ಹಾಕಿದರು. ಸೊಸೆ ನನ್ನ ಮುಖ ನೋಡಿ, ಹೋಗಿ ಸ್ಟೀರಿಂಗಿನ ಮುಂದೆ ಕುಳಿತಳು. ಪುಸ್ತಕವನ್ನು ಓದಿ ಹೇಳಿದ್ದು ಆ ಮನೆಯಲ್ಲಿ ನನಗೊಬ್ಬಳಿಗೇ ಎಂಬುದು ಅವಳಿಗೂ ನೆನಪಿತ್ತು, ನನಗೂ ನೆನಪಿತ್ತು.

ಯಜಮಾನರು ಮುಂದೆ ಕುಳಿತರು. ನಾನು ಹುಡುಗಿಯರ ಜೊತೆ ಹಿಂದೆ. ಸೊಸೆ ಬಹಳ ನಿಧಾನವಾಗಿ ಓಡಿಸಿದಳು. ಮೋಟರ್ ಸೈಕಲ್ಲಿನವರು, ಟಂಟಂನವರು, ಹಾಲಿನ ಗಾಡಿಯವರು, ಎಲ್ಲರೂ ನಮ್ಮನ್ನು ದಾಟಿ ಹೋದರು. ಟ್ರೇಲರ್ ಬಾಲ ಅಲ್ಲಾಡಿಸಿದಂತೆ ಎಡಕ್ಕೂ ಬಲಕ್ಕೂ ತೂಗುತ್ತಿರುವುದನ್ನು ಹಿಂದಿನ ಗಾಜಿನಲ್ಲಿ ನಾನು ಕಂಡೆ. ಘೋಡಗೇರಿಯಲ್ಲಿ ಆಕೆ ನಿಲ್ಲಿಸಿ, ಇಳಿದು, ಗಂಟು ಬಿಗಿ ಮಾಡಿದಳು. ನೀರಿನ ಕ್ಯಾನನ್ನಾದರೂ ಮುಂದಕ್ಕೆ ತರುತ್ತೇನೆಂದಳು. ಕಟ್ಟಿದ್ದನ್ನು ಬಿಚ್ಚಿದರೆ ತಾವು ಇಲ್ಲಿಂದಲೇ ಮನೆಗೆ ನಡೆದು ಹೋಗುವುದಾಗಿ ಯಜಮಾನರು ಹೇಳಿದರು. ಮಾವನನ್ನು ರಸ್ತೆಯಲ್ಲಿ ಇಳಿಸಿ ಹೋದಳೆಂಬ ಮಾತು ಯಾವ ಸೊಸೆಗೆ ಬೇಕು?

ಘೋಡಗೇರಿ ದಾಟಿದ ಮೇಲೆ ಕಾಲುವೆಯ ದಂಡೆಗೆ ಹೊಂದಿ ರಸ್ತೆ ಹೋಗುತ್ತದೆ. ಅಲ್ಲೊಂದು ಹಂಪ್ ಇದೆ. ಕಾರು ಅದನ್ನು ಮೆಲ್ಲಗೆ ಏರಿ ಇಳಿಯಿತು. ಟ್ರೇಲರ್ ಏರಿತು, ಇಳಿಯುವಾಗ ಅದರ ಮೂತಿ ಮೇಲಕ್ಕೆ ಜಿಗಿಯಿತು. ಸೀರೆಯ ಅಂಚು ಕಡಿದು ಗಾಳಿಯಲ್ಲಿ ಹಾರಿದ್ದನ್ನು ನಾನು ಕಣ್ಣಾರೆ ಕಂಡೆ. ಹಸಿರು ಅಂಚು. ಬೆನ್ನಿಗೇ ಪಿನ್ನು ರಸ್ತೆಗೆ ಬಿದ್ದ ಸದ್ದು.

ಮೇವಿನ ಹೊರೆ ಹೊತ್ತ ಹೆಣ್ಣುಮಗಳೊಬ್ಬಳು ದಂಡೆಯ ಮೇಲೆ ನಮ್ಮ ಕಡೆಗೇ ನಡೆದು ಬರುತ್ತಿದ್ದಳು. ಬಿಡುಗಡೆಯಾದ ಟ್ರೇಲರ್ ರಸ್ತೆ ಬಿಟ್ಟು ಅವಳತ್ತ ತಿರುಗಿತು. ಅವಳು ಹೊರೆಯನ್ನು ಬಿಸುಟು ಪಕ್ಕದ ಹೊಲಕ್ಕೆ ಹಾರಿದಳು. ಟ್ರೇಲರ್ ಹೊರೆಯ ಮೇಲೆಯೇ ಹಾಯ್ದು, ಆರೂ ಸೈಕಲ್ಲುಗಳ ಸಮೇತ ಕಾಲುವೆಗೆ ಮಗುಚಿಕೊಂಡಿತು. ಹೊರೆಯನ್ನು ಬಿಸುಡಲು ಅವಳು ಒಂದು ಗಳಿಗೆ ತಡಮಾಡಿದ್ದರೆ ಈ ಬರಹದ ವಿಷಯ ಬೇರೆಯಾಗುತ್ತಿತ್ತು.

ಅವಳ ಮೊಣಕಾಲು ತರಚಿತ್ತು. ಸೊಸೆ ಓಡಿ ಹೋಗಿ ಅವಳನ್ನು ಎಬ್ಬಿಸಿ ಕೂರಿಸಿ, ಗಾಯ ತೊಳೆದಳು. ಯಾರದೋ ಟ್ರ್ಯಾಕ್ಟರು ಬಂದು ಟ್ರೇಲರನ್ನು ಮೇಲೆಳೆಯಿತು. ನಾಲ್ಕು ಸೈಕಲ್ಲುಗಳ ಗಾಲಿ ಡೊಂಕಾಗಿದ್ದವು. ಮೂಡಲಗಿಯಲ್ಲಿ ಹುಡುಗಿಯರ ಹೆಸರು ಕೂಗುವ ಹೊತ್ತಿಗೆ ನಾವು ಕಾಲುವೆಯ ದಂಡೆಯ ಮೇಲಿದ್ದೆವು. ಐವರೂ ಸಾಲಾಗಿ ಕುಳಿತು, ಹನಿ ಸೋರುವ ಸೈಕಲ್ಲುಗಳನ್ನು ತಮ್ಮ ದುಪ್ಪಟ್ಟಾಗಳಿಂದ ಒರೆಸುತ್ತಿದ್ದರು.

ಅಲ್ಲಿ ಸೇರಿದ ಹತ್ತಾರು ಜನರಲ್ಲಿ ಒಬ್ಬರೂ ಪಿನ್ನು ಎಲ್ಲಿ ಬಿತ್ತು ಎಂದು ಕೇಳಲಿಲ್ಲ. ಕೇಳಿದ್ದು ಒಂದೇ: ಗಾಡಿ ಯಾರು ಓಡಿಸುತ್ತಿದ್ದರು? ಸೊಸೆಯೆಂದು ತಿಳಿದ ಕೂಡಲೇ ಎಲ್ಲರಿಗೂ ಎಲ್ಲವೂ ಅರ್ಥವಾಯಿತು. ತಲೆ ಅಲ್ಲಾಡಿಸಿದರು. ಯಜಮಾನರು ಕಾಲುವೆಯ ನೀರನ್ನೇ ನೋಡುತ್ತ ನಿಂತಿದ್ದರು. ಒಂದು ಮಾತು ಅವರ ಬಾಯಿಂದ ಬಂದಿದ್ದರೆ ಸಾಕಾಗುತ್ತಿತ್ತು. ಬರಲಿಲ್ಲ. ಪಿನ್ನನ್ನು ಹುಡುಕಿ ನನ್ನ ಚೀಲದಲ್ಲಿ ಹಾಕಿಕೊಂಡವಳು ನಾನೇ.

ಮುಂದಿನ ರವಿವಾರ ಸೈಕಲ್ ಸಂಘದ ಸಭೆ ಸೇರಿತು. ಟ್ರೇಲರ್ ಕಟ್ಟಿದ ನಾದಿನಿಯ ಗಂಡನನ್ನೂ ಕರೆಸಿದ್ದರು. ತಾವು ಕಟ್ಟಿದ ಟ್ರೇಲರುಗಳಲ್ಲಿ ಇಂದಿನವರೆಗೆ ಒಂದೂ ಬಿಚ್ಚಿಲ್ಲವೆಂದೂ, ವೇಗ ಹೆಚ್ಚಾದರೆ ಯಾವ ಪಿನ್ನೂ ನಿಲ್ಲುವುದಿಲ್ಲವೆಂದೂ ಅವರು ಹೇಳಿದರು. ಆ ದಿನ ಅವರು ಕಾರಿನಲ್ಲಿರಲಿಲ್ಲ, ರಸ್ತೆಯಲ್ಲಿಯೂ ಇರಲಿಲ್ಲ. ಆದರೂ ಅವರ ಮಾತನ್ನು ಸಾಕ್ಷಿಯೆಂದು ಒಪ್ಪಿದರು. ಕಾರು ಓಡಿಸಿದವಳಿಗೆ ಸಭೆಗೆ ಆಹ್ವಾನವೇ ಇರಲಿಲ್ಲ. ತನ್ನ ವೇಗದಿಂದ ಅನಾಹುತವಾಯಿತೆಂದು ಆಕೆ ತಪ್ಪೊಪ್ಪಿಗೆ ಪತ್ರ ಬರೆದುಕೊಟ್ಟರೆ ಹುಡುಗಿಯರಿಗೆ ಕಲಿಸಬಹುದು, ಕೊಡದಿದ್ದರೆ ಬಿಡತಕ್ಕದ್ದು ಎಂದು ನಿರ್ಣಯವಾಯಿತು.

ಆ ನಿರ್ಣಯವನ್ನು ಹೊತ್ತು ಸಂಘದ ಅಧ್ಯಕ್ಷರು ನಮ್ಮ ಮನೆಗೆ ಬಂದರು, ನಾನು ಮಾಡಿದ ಚಹಾ ಕುಡಿದರು, ಬಳಿಕ ನನ್ನ ಕಡೆ ತಿರುಗಿದರು.

"ಅಕ್ಕಾರ, ಆಫೀಸ್ ಕಾಗದ ನಿಮಗ ಚಲೋ ಬರತಾವ. ನೀವ ಬರದ ಬಿಡ್ರಿ. ಆಕೀ ಬರೇ ಸಹಿ ಮಾಡಲಿ."

ನನಗೆ ಸಿಟ್ಟು ಬಂತು. ಈ ಕೈಯಿಂದ ನಾನು ಬರೆದ, ನಕಲು ಮಾಡಿದ, ದಾಖಲಿಸಿದ ಕಾಗದಗಳಿಗೆ ಲೆಕ್ಕವಿಲ್ಲ. ಕಾಲುವೆಗೆ ನೀರು ಬಾರದ ರೈತರ ಅರ್ಜಿಗಳಿಗೆ, ನೋಡದವರು ನೋಡಿದೆವೆಂದು ಬರೆದ ಉತ್ತರಗಳನ್ನೂ ನಾನು ಲಕೋಟೆಗೆ ಹಾಕಿ ಅಂಟಿಸಿದ್ದೇನೆ. ಆಗ ಅದು ನನ್ನ ಕೆಲಸವಾಗಿತ್ತು, ಬಾಯಿ ಮುಚ್ಚಿಕೊಂಡಿದ್ದೆ. ನನ್ನ ಮನೆಯ ಮಗಳ ಮೇಲೆ ಇಲ್ಲದ ತಪ್ಪು ಹೊರಿಸುವ ಕಾಗದವನ್ನೂ ನಾನೇ ಬರೆಯಬೇಕೆ? ಆದರೂ ಬರೆಯುತ್ತೇನೆಂದು ಹೇಳಿ ಅಧ್ಯಕ್ಷರನ್ನು ಕಳಿಸಿಕೊಟ್ಟೆ.

ಅವರು ಹೋದ ಮೇಲೆ ಸೊಸೆ ಅಡುಗೆಮನೆಗೆ ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು.

"ಅತ್ತೀ, ಸಹಿ ಮಾಡತೇನಿ ಬಿಡ್ರಿ. ಹುಡಿಗ್ಯಾರ ಬೆಳಿಗ್ಗೆ ಬಂದ ಬಾಗಲದಾಗ ನಿಂದರತಾವ. ಅವಕ್ಕ ಏನ ಹೇಳಲಿ?"

"ಗಾಡಿ ಜೋರ ಇತ್ತೇನ?" ಎಂದು ಕೇಳಿದೆ.

"ನೀವ ಒಳಗ ಕುಂತಿದ್ರಲ್ಲ."

"ಹಂಗಂದ್ರ ನಿನ್ನ ಸಹಿ ಬ್ಯಾಡ. ನಂದ ಸಾಕ."

ಮರುದಿನ ಬಸ್ಸು ಹತ್ತಿ ಘೋಡಗೇರಿಗೆ ಹೋಗಿ, ಕೇಳಿಕೊಂಡು ಕೇಳಿಕೊಂಡು ಮೇವಿನ ಹೊರೆಯ ಹೆಣ್ಣುಮಗಳ ಮನೆ ಕಂಡುಹಿಡಿದೆ. ಕೂಲಿಯಿಂದ ಆಗಷ್ಟೇ ಬಂದಿದ್ದಳು. ಮೊಣಕಾಲಿನ ಗಾಯ ಒಣಗುತ್ತಿತ್ತು. ಆ ದಿನದಿಂದ ತನ್ನನ್ನು ಕೇಳಲು ಬಂದವರಲ್ಲಿ ನಾನೇ ಮೊದಲಿಗಳೆಂದಳು. ಕಾರು ಎಷ್ಟು ಜೋರಾಗಿತ್ತೆಂದು ವಿಚಾರಿಸಿದೆ.

"ಜೋರ ಎಲ್ಲೀದ್ರಿ ಯವ್ವಾ. ಮದಿವಿ ದಿಬ್ಬಣ ಬಂದಂಗ ಬರತಿತ್ತ. ಜೋರ ಇದ್ದಿದ್ರ ನಾ ಇವತ್ತ ನಿಮಗ ನೀರ ಕೊಡತಿದ್ನೇನ?"

ಅವಳ ಮಾತನ್ನು ಅವಳು ಹೇಳಿದಂತೆಯೇ ಬರೆದುಕೊಂಡು, ಓದಿ ಹೇಳಿ, ಹೆಬ್ಬೆಟ್ಟು ಒತ್ತಿಸಲು ಮುಂದಾದೆ. ಅವಳು ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ಸಹಿ ಮಾಡಿದಳು. ಕೇಳದೆಯೇ ಹೆಬ್ಬೆಟ್ಟೆಂದು ಊಹಿಸಿದ್ದಕ್ಕೆ ನಾಚಿದೆ. ಊಹಿಸಿ ತೀರ್ಪು ಕೊಡುವ ಚಾಳಿ ಸಂಘದವರಿಗೆ ಮಾತ್ರ ಇರುವುದಲ್ಲ.

ಪತ್ರ ಬರೆಯಲು ಎರಡು ದಿನ ಹಿಡಿಯಿತು. ತಪ್ಪೊಪ್ಪಿಗೆಯನ್ನೇ ಕೇಳಿದ್ದರು, ತಪ್ಪೊಪ್ಪಿಗೆಯನ್ನೇ ಬರೆದೆ. ಸದರಿ ಪಿನ್ನಿಗೆ ಕ್ಲಿಪ್ಪು ಇರಲಿಲ್ಲ, ಸರಪಳಿ ಇರಲಿಲ್ಲ, ಭಾರವನ್ನು ಹಿಂದಕ್ಕೆ ಹೇರಲಾಗಿತ್ತು, ಇವು ಮೂರನ್ನೂ ನನ್ನ ಸೊಸೆ ಬಾಯಿಬಿಟ್ಟು ಹೇಳಿದ್ದಳು, ಎಲ್ಲವನ್ನೂ ತಿಳಿದಿದ್ದ ನಾನು ಕ್ಲಿಪ್ಪಿನ ಬದಲಿಗೆ ಸೀರೆಯ ಅಂಚು ಹರಿದುಕೊಟ್ಟೆನು, ಆದುದರಿಂದ ತಪ್ಪು ಹೇರಿದವರದು, ಕಟ್ಟಿದವರದು ಮತ್ತು ನನ್ನದು ಎಂದು ಬರೆದು, ಕೆಳಗೆ ನನ್ನ ಸಹಿ ಹಾಕಿದೆ. ಮೇವಿನ ಹೊರೆಯ ಹೆಣ್ಣುಮಗಳ ಹೇಳಿಕೆಯನ್ನು ಅದಕ್ಕೆ ಲಗತ್ತಿಸಿದೆ. ಒಂದು ಪ್ರತಿ ಸಂಘಕ್ಕೆ, ಒಂದು ಪ್ರತಿ ನನ್ನ ಹತ್ತಿರ. ಯಜಮಾನರಿಗೆ ಮೊದಲು ಓದಿ ಹೇಳಿದೆ. ಹೇರಿದವರದು ಎಂಬಲ್ಲಿಗೆ ಬಂದಾಗ ಅವರು ಟವೆಲ್ಲಿಗೆ ಕೈ ಹಾಕಿದರು. ಝಾಡಿಸಲಿಲ್ಲ. ಅದನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡು ಕುಳಿತರು.

ಪತ್ರವನ್ನು ಸಂಘದ ಅಧ್ಯಕ್ಷರ ಮನೆಗೆ ಒಯ್ದುಕೊಟ್ಟೆ. ಅವರು ನಿಂತುಕೊಂಡೇ ಓದಿದರು, ಅರ್ಧಕ್ಕೆ ಮಡಿಚಿದರು. ಮನೆಯ ಮಾತನ್ನು ಹೀಗೆ ಕಾಗದಕ್ಕೆ ಹಾಕಬಾರದಿತ್ತೆಂದರು. ಗಂಡನ ಮರ್ಯಾದೆ, ನಾದಿನಿಯ ಮನೆಯವರ ಮರ್ಯಾದೆ ಎಂದೆಲ್ಲ ಹೇಳಿದರು. ಸೊಸೆಯ ಮರ್ಯಾದೆ ಆ ಪಟ್ಟಿಯಲ್ಲಿ ಬರಲಿಲ್ಲ. ಬೇಕಾದರೆ ಕಾಗದವನ್ನು ಇಟ್ಟು ಹೋಗಿರೆಂದರು.

ಇಟ್ಟು ಹೋದ ಕಾಗದಗಳು ಏನಾಗುತ್ತವೆಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸ್ವೀಕೃತಿಯ ಸಹಿ ಇಲ್ಲದೆ ನಾನು ನೌಕರಿಯಲ್ಲಿ ಒಂದು ಲಕೋಟೆಯನ್ನೂ ಯಾರ ಕೈಗೂ ಕೊಟ್ಟವಳಲ್ಲ. ಚೀಲದಿಂದ ಎರಡನೆಯ ಪ್ರತಿಯನ್ನೂ, ಪಿನ್ನನ್ನೂ ತೆಗೆದೆ. ಕಾಗದ ಹಾರದಂತೆ ಅದರ ಮೇಲೆ ಪಿನ್ನು ಇಟ್ಟು, ಅವರ ಪಡಸಾಲೆಯಲ್ಲಿ ಕುಳಿತೆ.

"ಸ್ವೀಕರಿಸಿದೆ ಅಂತ ಒಂದ ಸಹಿ ಮಾಡ್ರಿ ಸಾಕು. ಒಪ್ಪೇನಿ ಅಂತ ಬರೀಬ್ಯಾಡ್ರಿ."

ಅವರು ಹೊರಗೆ ಹೋಗಿ ಬಂದರು. ಊಟಕ್ಕೆ ಕುಳಿತರು, ಎದ್ದರು. ಅವರ ಹೆಂಡತಿ ನನಗೂ ರೊಟ್ಟಿ ಪಲ್ಯ ತಂದಿಟ್ಟು, ಪತ್ರವನ್ನು ಎತ್ತಿಕೊಂಡು ನಿಧಾನವಾಗಿ ಪೂರ್ತಿ ಓದಿದರು. ಓದಿ ಪೆನ್ನನ್ನು ತಂದು ಗಂಡನ ಮುಂದಿಟ್ಟರು. ಸಹಿ ಬಿತ್ತು. ತಾರೀಖನ್ನೂ ಹಾಕಿಸಿಕೊಂಡು ಎದ್ದೆ.

ಆ ಪತ್ರಕ್ಕೆ ಇಂದಿನವರೆಗೆ ಉತ್ತರ ಬಂದಿಲ್ಲ. ಸೊಸೆಯ ತಪ್ಪಿರಲಿಲ್ಲವೆಂದು ಯಾರೂ ಹೇಳಿಲ್ಲ. ನಿರ್ಣಯವನ್ನು ಹಿಂಪಡೆದುದಾಗಿಯೂ ತಿಳಿಸಿಲ್ಲ. ತಪ್ಪು ಹೊರಿಸಲು ಸಭೆ ಸೇರುತ್ತದೆ, ಇಳಿಸಲು ಸೇರುವುದಿಲ್ಲ. ಇದು ನನ್ನ ಎದೆಯಲ್ಲಿ ಇನ್ನೂ ಉರಿಯುತ್ತಿದೆ. ಆದರೆ ಪತ್ರದ ಸಂಗತಿ ಊರಲ್ಲಿ ಹಬ್ಬಿ, ಹುಡುಗಿಯರ ತಾಯಂದಿರು ಮಕ್ಕಳನ್ನು ಬೆಳಿಗ್ಗೆ ತಾವೇ ಕರೆದುಕೊಂಡು ಬಂದು ನಮ್ಮ ಬಾಗಿಲಲ್ಲಿ ಬಿಟ್ಟು ಹೋಗತೊಡಗಿದರು. ಕಲಿಸುವುದು ಒಂದು ದಿನವೂ ನಿಲ್ಲಲಿಲ್ಲ. ಘೋಡಗೇರಿಯ ವೆಲ್ಡಿಂಗಿನವರು ಒಂದು ದಿನ ತಾವಾಗಿಯೇ ಬಂದು, ತಾವು ಬಿಚ್ಚಿದ ಗುಂಡನ್ನು ಮತ್ತೆ ಕೂಡಿಸಿ, ಟ್ರೇಲರಿಗೆ ಅದಕ್ಕೊಪ್ಪುವ ಮೂತಿಯನ್ನೂ ಎರಡು ಸರಪಳಿಗಳನ್ನೂ ಹಾಕಿ ಹೋದರು. ಚಹಾ ಕುಡಿಯಲು ನಿಲ್ಲಲಿಲ್ಲ.

ಕಳೆದ ವಾರ ಗೋಕಾಕದ ಸ್ಪರ್ಧೆಗೆ ಹೊರಟಾಗ ಹೇರುವವರು ಮತ್ತೆ ಯಜಮಾನರೇ. ಕಬ್ಬಿಣದ ಪೆಟ್ಟಿಗೆಯನ್ನು ಹಿಡಿದು ಟ್ರೇಲರಿನ ಸುತ್ತ ಒಂದು ಸುತ್ತು ಬಂದರು. ಆಮೇಲೆ ಸೊಸೆಯ ಮುಖ ನೋಡದೆ, ಟ್ರೇಲರಿಗೇ ಹೇಳಿದಂತೆ ಕೇಳಿದರು:

"ಇದನ್ನ ಎಲ್ಲಿಡಬೇಕಂತ?"

"ಗಾಲಿಗಿಂತ ಒಂಚೂರ ಮುಂದ ಇಡ್ರಿ, ಮಾವಾರ."

ಇಟ್ಟರು. ಮೂತಿಯನ್ನು ಎತ್ತಿ ನೋಡಿದರು. ಈ ಸಲ ಎರಡೂ ಕೈ ಬೇಕಾದವು. ಪಾಪ, ಗಾಡಿಯ ಹೆಗಲು ಎಂದು ಗೊಣಗಿದರು. ಸೊಸೆ ಸರಪಳಿಗಳನ್ನು ಮೂತಿಯ ಕೆಳಗೆ ಒಂದಕ್ಕೊಂದು ಅಡ್ಡ ಹಾಯಿಸಿ ಕೊಂಡಿಗೆ ಸಿಕ್ಕಿಸಿದಳು, ದೀಪ ಉರಿಯುತ್ತದೆಯೇ ಎಂದು ನನ್ನನ್ನು ಹಿಂದೆ ನಿಲ್ಲಿಸಿ ಪರೀಕ್ಷಿಸಿದಳು, ಊರು ದಾಟಿದ ಮೇಲೆ ನಿಲ್ಲಿಸಿ ಇಳಿದಳು. ಅವಳ ಹಿಂದೆ ಯಜಮಾನರೂ ಇಳಿದು ಒಂದೊಂದು ಸೈಕಲ್ಲನ್ನೂ ಅಲುಗಾಡಿಸಿ ನೋಡಿದರು. ತಪ್ಪಾಯಿತು ಎಂಬ ಮಾತು ಮಾತ್ರ ಇಂದಿಗೂ ಅವರ ಬಾಯಿಂದ ಬಂದಿಲ್ಲ. ಬರಬೇಕಿತ್ತೆಂದೇ ನನ್ನ ಅಭಿಪ್ರಾಯ.

ಸಂಘದವರು ಉತ್ತರಿಸದ ಕಾರಣ, ಸಹಿಯಾದ ನನ್ನ ಪ್ರತಿಯನ್ನು ಮುಂದಿಟ್ಟುಕೊಂಡು ಇದನ್ನು ಬರೆದು ತಮ್ಮ ಮುಂದೆ ಇಟ್ಟಿದ್ದೇನೆ. ಕಾಗುಣಿತದಲ್ಲಿ, ಒತ್ತಕ್ಷರಗಳಲ್ಲಿ, ವಾಕ್ಯಗಳ ಜೋಡಣೆಯಲ್ಲಿ ತಪ್ಪುಗಳು ಕಂಡಲ್ಲಿ ದಯಮಾಡಿ ಕೆಂಪು ಶಾಯಿಯಿಂದ ತಿದ್ದಿರಿ. ಸಂಕೋಚ ಬೇಡ, ತಿದ್ದಿಸಿಕೊಳ್ಳಲು ನನಗೆ ನಾಚಿಕೆಯಿಲ್ಲ. ಆದರೆ ಕಾರನ್ನು ಯಾರು ಓಡಿಸುತ್ತಿದ್ದರು, ಪಿನ್ನಿಗೆ ಏನು ಕಟ್ಟಿತ್ತು, ಅದನ್ನು ಹರಿದುಕೊಟ್ಟವರು ಯಾರು ಎಂಬ ಸಾಲುಗಳನ್ನು ಇದ್ದಂತೆಯೇ ಬಿಡಬೇಕಾಗಿ ವಿನಂತಿ.